ಸಮುದ್ರ ಬಂತು

ಮಾರ್ಚ್ ೧೨, ಮಂಗಳವಾರ

ನನ್ನ ಕೂಗು ಇನ್ನೂ ನನ್ನ ಕಿವಿಯಲ್ಲೇ ಇದೆ. ನಾಚಿಕೆಯಾಗುತ್ತಿದೆ.

ನಗರದಲ್ಲಿ ದುಡಿದು ದಣಿದ ನಮ್ಮೂರಿನವರೆಲ್ಲ ಸಂಜೆಯ ರೈಲಿನಲ್ಲಿ ನಿದ್ದೆಹೋಗುತ್ತಾರೆ. ಸೇತುವೆ ದಾಟಿ ನೀರು ಕಂಡ ಕೂಡಲೇ ಮೀನಿನಜ್ಜಿ ಕೂಗುತ್ತಾಳೆ: "ಏಳ್ರಪ್ಪಾ, ಸಮುದ್ರ ಬಂತು!" ಇಲ್ಲಿ ಬರೀ ಬಲೆ ಒಣಗುತ್ತಿದ್ದ ಕಾಲದಲ್ಲಿ ಬುಟ್ಟಿ ಹೊತ್ತ ಹೆಂಗಸರು ಒಬ್ಬರನ್ನೊಬ್ಬರು ಹೀಗೇ ಎಬ್ಬಿಸುತ್ತಿದ್ದರಂತೆ. ಈಗ ರೈಲಿನಲ್ಲಿ ಗುಮಾಸ್ತರು, ನರ್ಸುಗಳು, ನನ್ನಂಥ ಹೊಲಿಗೆಯವರು. ಹೆಸರು ಗೊತ್ತಿಲ್ಲದವರನ್ನೂ ಈ ಜನ ನಿದ್ದೆಯಲ್ಲಿ ಮುಂದಿನ ಊರಿಗೆ ಹೋಗಗೊಡುವುದಿಲ್ಲ.

ಇವತ್ತು ಸೇತುವೆ ದಾಟಿದರೂ ಅಜ್ಜಿ ಕೂಗಲಿಲ್ಲ. ನೋಡಿದರೆ ಬುಟ್ಟಿಗೆ ಒರಗಿ ಗೊರಕೆ! ಎಚ್ಚರವಿದ್ದವಳು ನಾನೊಬ್ಬಳೇ. ಮುಂದೆ ಹೋದರೆ ಬೆಳಗಿನವರೆಗೆ ವಾಪಸು ಗಾಡಿಯಿಲ್ಲ. ಟಿಕೆಟು ಕೇಳಲೂ ತೊದಲುವ ನಾನು ಎದ್ದು ನಿಂತು ಕೂಗಿಬಿಟ್ಟೆ.

ಇಡೀ ಬೋಗಿ ಎದ್ದು ಕೂತಿತು. ಅಜ್ಜಿ ಕಣ್ಣುಜ್ಜಿಕೊಂಡು, "ಅಯ್ಯೋ, ನಿನ್ನ ಮೂಗಿ ಅಂದ್ಕೊಂಡಿದ್ನಲ್ಲೇ! ನಾಳೆಯಿಂದ ನೀನೇ ಕೂಗು ಮಗಳೇ, ನಾನು ಆರಾಮಾಗಿ ಮಲಗ್ತೀನಿ" ಅಂದಳು.

ಇಳಿಯುವಾಗ ಒಬ್ಬೊಬ್ಬರೂ ನನ್ನತ್ತ ತಲೆಯಾಡಿಸಿ ಹೋದರು.

ಈ ಊರಿಗೆ ಬಾಡಿಗೆಗೆ ಬಂದು ವರ್ಷವಾಯಿತು. ಮೇಲೆ ನೋಡಿದರೆ 'ನಮ್ಮೂರು' ಎಂದು ಬರೆದಿದ್ದೇನೆ, ಇದೇ ಮೊದಲು. ಹೊಡೆದುಹಾಕುವುದಿಲ್ಲ. ನಾಳೆ ರೈಲಿನಲ್ಲಿ ಎಚ್ಚರವಾಗಿರಬೇಕು, ಈಗ ಮಾತ್ರ ಕಣ್ಣು ಎಳೆಯುತ್ತಿ…