ಪಿಸುಮಣಿಗೆ ಕೇಳಿಸದೆ ಹೋದದ್ದು

ತೇಲೂರು, ಮಲ್ಪೆಯ ಪಡುಗಡಲು
ಫೆಬ್ರವರಿ ಮೂವತ್ತು, 2203

ಇನ್ನೂರು ವರ್ಷಗಳ ಹಿಂದೆ ಸಂಜೆ ಪ್ರಾರ್ಥನೆಗೆ ಕೂರುವ ನಮ್ಮ ಮನೆತನದ ಹಿರಿಯರಿಗೆ, ಪೆರ್ಸೀಸಳ ವಂದನೆಗಳು.

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮ ಕಾಲದವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಅದರ ಕೊರಗು ತೀರಿಸಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ತೇಲೂರು ಎಂದರೆ ದೋಣಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ ಊರು. ಇಲ್ಲಿ ಅಲೆಯ ತೂಗಾಟಕ್ಕೆ ಒಲೆಯ ಮೇಲಿನ ಸಾರು ತಾನೇ ತಿರುಗುತ್ತದೆ, ಸೌಟು ಬೇಕಿಲ್ಲ. ಉಳಿದಂತೆ ಎಲ್ಲ ನಿಮ್ಮ ಹಾಗೆಯೇ: ಬೆಳಗಿನ ಪ್ರಾರ್ಥನೆ ಬಲೆ ಬಿಡುವ ಮುನ್ನ, ಸಂಜೆಯದು ಗಂಜಿಗೆ ಮುನ್ನ. ಕೀರ್ತನೆ ಓದಿದ ಮೇಲೆ ಸುಮ್ಮನೆ ಕೂತು, ಇಂದು ಹೇಗೆ ಬದುಕಿದೆ ಎಂದು ತನ್ನನ್ನೇ ಕೇಳಿಕೊಳ್ಳುವುದು, ಮನೆಯವರನ್ನು ನೋಯಿಸಿದ್ದರೆ ಅಲ್ಲೇ ಕ್ಷಮೆ ಕೇಳುವುದು ನೀವು ಹಾಕಿಕೊಟ್ಟ ಪದ್ಧತಿ.

ನಾವು ಅದನ್ನು ಸುಲಭ ಮಾಡಿಕೊಂಡೆವು. ಪಿಸುಮಣಿಯೆಂದರೆ ಕೊರಳಿಗೆ ಕಟ್ಟುವ, ಬಿಸಿಲು ಕುಡಿದು ಬದುಕುವ ಮಣಿ. ದಿನವಿಡೀ ನಾವಾಡಿದ್ದನ್ನು ಕೇಳಿಸಿಕೊಂಡು, ಸಂಜೆಯ ಮೌನದಲ್ಲಿ ನಮ್ಮ ತಪ್ಪುಗಳನ್ನು ಕಿವಿಯಲ್ಲಿ ಪಿಸುಗುಟ್ಟುತ್ತದೆ. ಬಲೆ ಮಾರುವವನಿಗೆ ಸುಳ್ಳು ಹೇಳಿದೆ, ಅತ್ತೆಗೆ ಎದುರು ಮಾತಾಡಿದೆ. ಸರಿ, ಆಮೆನ್, ಗಂಜಿ ಬಡಿಸಿ. ನನ್ನ ಮಣಿಯಂತೂ ಕ್ರಿಸ್‌ಮಸ್ಸಿನಿಂದ ತುಟಿ ಪಿಟಕ್ಕೆಂದಿರಲಿಲ್ಲ. ನನ್ನಂಥ ಭಕ್ತೆ ಊರಿನಲ್ಲೇ ಇಲ್ಲವೆಂದು ಒಳಗೊಳಗೇ ಬೀಗುತ್ತಿದ್ದೆ.

ಹೋದ ವಾರ ಮೋಡ ಮುಚ್ಚಿ ಊರಿನ ಮಣಿಗಳೆಲ್ಲ ಮೂಕವಾದವು. ಅಂದು ಶನಿವಾರ, ಮರುದಿನ ಕರ್ತನ ಭೋಜನ. ಮನಸ್ತಾಪ ಇಟ್ಟುಕೊಂಡು ಆ ರೊಟ್ಟಿ ಮುಟ್ಟಬಾರದೆಂಬುದು ನಮ್ಮಲ್ಲಿ ಈಗಲೂ ಗಟ್ಟಿ. ಕೀರ್ತನೆ ಮುಗಿಯಿತು, ಕಿವಿಯಲ್ಲಿ ಏನೂ ಇಲ್ಲ. ನನ್ನ ಗಂಡ ತಲೆ ಕೆರೆದುಕೊಂಡರು. ಅತ್ತೆ ಯೂನಿಕೆ ಒಂದು ಕಣ್ಣು ತೆರೆದು ಎಲ್ಲರನ್ನೂ ನೋಡಿದರು. ನಾನೂ ಕಣ್ಣು ತೆರೆದೆ. ಎದುರಿಗೆ ದಾಮರಿ ಕೂತಿದ್ದಳು.

ದಾಮರಿ ನನ್ನ ಮೈದುನನ ಹೆಂಡತಿ. ಕ್ರಿಸ್‌ಮಸ್ ದಿನ ನಾನು ಗೀತೆ ಎತ್ತಿದಾಗ, “ಅಕ್ಕ ಹಾಡಿದ್ರೆ ಬಲೆಗೆ ಬಿದ್ದ ಮೀನೂ ವಾಪಸ್ ಹೋಗ್ತದೆ ಮಾರಾಯ್ರೆ” ಎಂದಿದ್ದಳು. ಊರೇ ನಕ್ಕಿತು. ಅಂದಿನಿಂದ ನಾನು ಹಾಡುವುದನ್ನೂ ಬಿಟ್ಟೆ, ಅವಳೊಡನೆ ಮಾತನ್ನೂ ಬಿಟ್ಟೆ. ಒಂದೇ ಒಲೆಯ ಮುಂದೆ ನಿಂತು, ಅವಳ ಕೈಯಲ್ಲಿದ್ದ ಉಪ್ಪನ್ನು ಅತ್ತೆಯ ಮೂಲಕ ಕೇಳುತ್ತಿದ್ದೆ. ಮಣಿಗೆ ಕೇಳಿಸುವುದು ಆಡಿದ ಮಾತು ಮಾತ್ರ. ಆಡದೆ ಹಲ್ಲು ಕಚ್ಚಿ ಹಿಡಿದದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ನನಗೆ ನಾಚಿಕೆಯಾಯಿತು, ಅಳುವೂ ಬಂತು. ಎದ್ದು ಹೋಗಿ ಅವಳ ಪಕ್ಕ ಕೂತು, ತಪ್ಪಾಯಿತು ಎಂದೆ.

“ನನ್ನದೂ ತಪ್ಪೇ ಅಕ್ಕ” ಎಂದು ಅವಳು ನನ್ನ ಕೈ ಹಿಡಿದಳು. “ನೀನು ಹಾಡದೆ ಮನೆ ಬಿಕೋ ಅಂತದೆ. ಶ್ರುತಿ ನಾನು ಹಿಡೀತೇನೆ, ನೀನು ಎತ್ತು.” ಎತ್ತಿದೆ. ಅತ್ತೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡರು. ಭಾನುವಾರ ಇಬ್ಬರೂ ಒಟ್ಟಿಗೆ ರೊಟ್ಟಿ ತೆಗೆದುಕೊಂಡೆವು.

ಸೋಮವಾರ ಬಿಸಿಲು ಬಂತು. ಸಂಜೆ ನನ್ನ ಮಣಿ ಬಾಯಿಬಿಟ್ಟು ಹೇಳಿದ್ದು ಒಂದೇ ತಪ್ಪು: ದಾಮರಿಯೊಡನೆ ಹರಟೆ ಅತಿಯಾಯಿತು. ಈಗ ಅದು ನಮ್ಮ ಬೆಕ್ಕಿನ ಕೊರಳಲ್ಲಿದೆ.

ಹಿರಿಯರೇ, ಮಣಿ ಮಾರುವವನು ಒಂದು ದಿನ ನಿಮ್ಮ ಬಾಗಿಲಿಗೆ ಬರುತ್ತಾನೆ. ಒಳ್ಳೆಯವನೇ, ಕೂರಿಸಿ ಕಾಫಿ ಕೊಡಿ. ಸಂಜೆ ಸುಮ್ಮನೆ ಕೂರುವ ಆ ಹೊತ್ತನ್ನು ಮಾತ್ರ ಅವನ ಕೈಗೆ ಕೊಡಬೇಡಿ. ಅದು ನಮ್ಮವರೆಗೂ ಬರಬೇಕು.

ದಾಮರಿ ಕರೆಯುತ್ತಿದ್ದಾಳೆ. ಎಲ್ಲರೂ ಕೂತಾಗಿದೆ, ಗೀತೆ ಎತ್ತುವವರಿಲ್ಲವಂತೆ. ಬರುತ್ತೇನೆ.