ಒಡಪಿನ್ಯಾಗ ಬಂದ ಹೆಸರು

ಗಿಣಿಗೇರಾ
ತಾ. ೧೪-೧೧-೨೦೨೪

ನನ್ನ ಮುದ್ದಿನ ತಂಗಿ ದಾನೇಶ್ವರಿಗೆ,

ನಿನ್ನ ಅಣ್ಣ ಹಾಲೇಶ ಮಾಡೂ ಆಶೀರ್ವಾದ. ಗಂಟಲ ಹೆಂಗೈತವಾ? ಬೆಳಗಾವಿದಾಗ ಥಂಡಿ ಭಾಳಂತ, ಬಿಸಿನೀರ ಕುಡಿ. ನಾವು ಆರಾಮ ಅದೀವಿ. ಫ್ಯಾಕ್ಟರಿ ಕಬ್ಬಿಣದ ಧೂಳ ನನ್ನ ಚಾದಂಗಡಿ ಮ್ಯಾಲ ಬಿದ್ದ ಬಿದ್ದ, ಇನ್ನ ನಾ ತುಕ್ಕ ಹಿಡಿಯೂದೊಂದ ಬಾಕಿ. ನಿನ್ನ ಫೋನ್ ಮೊನ್ನಿಯಿಂದ ಹತ್ತವಲ್ದು. ನಿಮ್ಮ ಬ್ಯಾಂಡಿನ ಸೌಂಡ್ ಬಾಕ್ಸಿನ ಗಾಡಿ ಡ್ರೈವರ್ ಇಲ್ಲೇ ಚಾ ಕುಡ್ಯಾಕ ನಿಂತಾನ, ಅವನ ಕೈಯಾಗ ಇದನ್ನ ಕೊಡಾಕತ್ತೀನಿ. ಅಕ್ಷರ ನೋಡಿ ನಗಬ್ಯಾಡ, ನಾಕನೇತ್ತಾ ಮುಗಸಿದ ಪಂಡಿತ ನಾನು.

ವಿಷಯ ನಿನ್ನ ಹೊಸಾ ಹಾಡಿಂದು. ಸಣ್ಣಾಕಿ ಇದ್ದಾಗ ಅವ್ವನ ಜೋಡಿ ಲಗ್ನದ ಮನಿಗೆ ಹೋಗಿ, ಗಂಡನ ಹೆಸರ ಹೇಳಾಕ ನಾಚೂ ಮದಲಗಿತ್ತ್ಯಾರ ಕಿವ್ಯಾಗ ಆ ಹೆಸರ ಕೂಡಿಸಿದ ಒಡಪು ಊದತಿದ್ದಿ. ಅಂಥಾ ಪೋರಿ ಗಿಟಾರ್ ಹಿಡದು, ಕೊಪ್ಪಳದಾಗ ಸೋಬಾನ ಪದಕ್ಕ ಡ್ರಮ್ಮ ಬಡಿಸಿದಿ. ಮುಂದ ಕುಂತ ಹಿರ್ಯಾರು ಕಿವಿ ಮುಚ್ಚಿಕೊಂಡ್ರು, ನೀ ಕಣ್ಣ ಮುಚ್ಚಿಕೊಂಡಿದ್ದಿ. ನಾ ಒಬ್ಬನ ಚಪ್ಪಾಳಿ ಹೊಡದೆ, ಸೊಳ್ಳಿ ಹೊಡ್ಯಾಕತ್ತಾನಂತ ತಿಳಕೊಂಡ್ರು. ಈಗ ಕುಷ್ಟಗಿ, ಯಲಬುರ್ಗಾ ಹುಡುಗ್ರ ಫೋನಿನ್ಯಾಗೆಲ್ಲ ನಿಂದ ದನಿ. ಅವ್ವ ಬಾಯಿಬಿಟ್ಟು ಹೊಗಳಂಗಿಲ್ಲ, ನೀ ಹಾಡಾಕತ್ರ ರೊಟ್ಟಿ ಮಾತ್ರ ಸಪ್ಪಳಿಲ್ದಂಗ ಸಣ್ಣಗ ಬಡೀತಾಳ.

ಮೊನ್ನೆನೂ ಹಂಗ ಬಡ್ಯಾಕತ್ತಿದ್ಲು, ನಾ ಫೋನಿನ್ಯಾಗ ನಿನ್ನ ಹೊಸಾ ಹಾಡ ಹಚ್ಚಿದ್ದೆ. ಹಾಡಿನ ಕಡೀಕ ನೀ ಅಂದಿ: "ಸಾಣಾಪುರ ಕೆರಿಯಾಗ ಹರಗೋಲು ತಿರಗತಾವ, ಪ್ರಭುರಾಜರ ಹೆಸರ ಹೇಳಾಕ ತುಟಿ ನಗತಾವ." ರೊಟ್ಟಿ ಹಂಚಿನ ಮ್ಯಾಲ ಹೊತ್ತಿತು. "ಲಗ್ನ ಆಗಲಾರದಾಕಿ ಒಡಪಿನ್ಯಾಗ ಗಂಡಸಿನ ಹೆಸರ ಹೇಳ್ತಾಳೇನೋ? ಯಾವಾಗ ಆತೋ ಇಕಿ ಲಗ್ನ?" ಅಂದ್ಲು. "ಏ ಅವ್ವಾ, ಹಾಡಿಗೊಂದ ಹೆಸರ ಬೇಕಾಗಿತ್ತು, ಹಾಲೇಶ ಅಂದ್ರ ಯಾರ ಕೇಳ್ತಾರ?" ಅಂದೆ. ನಗಲಿಲ್ಲ. ನಿಮ್ಮ ಡ್ರಮ್ಮ ಬಾರಸೂ ಪ್ರಭುರಾಜ ಪಂಚಮಿಗೆ ನಿನ್ನ ಜೋಡಿ ಬಂದಾಗ ಅಕೀನ ಕೈಯಾರೆ ಉಂಡಿ ಕೊಟ್ಟಿದ್ಲಲ್ಲ, ಆ ಹೆಸರ ಮರೀತಾಳೇನು? ಹಾಡ ಕೇಳಿದ ದಿನದಿಂದ ಮಾತ ಬಿಟ್ಟಾಳ. ನಾ ಅಂಗಡ್ಯಾಗ ಮಂದೀನ್ನ ನಗಸತೀನಿ, ಮನಿಗೆ ಬಂದು ಅವ್ವನ ಮಾರಿ ನೋಡಾಕ ಅಂಜತೀನಿ. ನನಗರ ಖರೇ ಹೇಳಬೇಕಿತ್ತವಾ.

ಡ್ರೈವರ್ ಹಾರ್ನ್ ಹೊಡ್ಯಾಕತ್ತಾನ. ಪ್ರಭುರಾಜಗ ನಮಸ್ಕಾರ ಹೇಳು. ಸದ್ಯಕ್ಕ ನಮಸ್ಕಾರ ಅಷ್ಟ.

ನಿನ್ನ ತುಕ್ಕ ಹಿಡದ ಅಣ್ಣ,
ಹಾಲೇಶ

ತಾ.ಕ.: ಚಾಷ್ಟಿ ಬಿಟ್ಟು ಹೇಳ್ತೀನಿ ಕೇಳು. ಐತವಾರ ಗಂಗಾವತಿ ಕಾರ್ಯಕ್ರಮಕ್ಕ ಅವ್ವ ಬರಾಕತ್ತಾಳ. ಇವತ್ತ ಮುಂಜಾನೆ ಮದಲಗಿತ್ತಿಗಿಡೂ ಹಸರ ಬಳಿ ತಂದು ಸೆರಗಿನ್ಯಾಗ ಕಟ್ಟಿಕೊಂಡು ಬಾಯಿ ಬಿಟ್ಲು: "ಖರೇ ಇದ್ರ ನನ್ನ ಮಾರಿ ನೋಡಿ ಆ ಹೆಸರ ಹೇಳ್ಲಿ. ಇಲ್ಲಂದ್ರ ಅದನ್ನ ಬಿಟ್ಟು ಹಾಡ್ಲಿ." ಮುಂದಿನ ಸಾಲಿನ್ಯಾಗ, ನಿನ್ನ ಬಲಕ್ಕ ಕುಂದ್ರಸತೀನಿ. ಕಣ್ಣ ಮುಚ್ಚಿ ಹಾಡೂ ಚಟಾ ಅದೊಂದ ದಿನ ಬಿಡವಾ.