ಖುಷಿಯ ಬಗ್ಗೆ ಕೇಳಿದ ಡಾಕ್ಟರು

ಬಸವಕಲ್ಯಾಣ
ಸೋಮವಾರ, ೧೪ ಜುಲೈ ೨೦೨೫

ಪ್ರೀತಿಯ ಗಿರಿಜಕ್ಕಾ,

ನಿನ್ನ ತಮ್ಮ ಗುರುಲಿಂಗನ ಶರಣು. ಹೇಗಿದ್ದೀ? ಭಾವನವರ ಮೊಣಕಾಲು ಈಗ ಮೆಟ್ಟಿಲು ಹತ್ತುವಷ್ಟಾಯಿತೇ? ಸೋಲಾಪುರದಲ್ಲಿ ಮಳೆ ಹಿಡಿಯಿತೇ? ನಿನ್ನ ಬಿಪಿ ಮಾತ್ರೆಯನ್ನು ಶೇಂಗಾ ಚಟ್ನಿಯ ಡಬ್ಬಿಯ ಹಿಂದೆ ಇಟ್ಟು ಮರೆಯುವ ಚಾಳಿ ಬಿಟ್ಟೆಯೋ ಇಲ್ಲವೋ? ಇಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಆರಾಮ. ಪತ್ರ ಉದ್ದವಿದೆ ಎಂದು ಮಾತ್ರ ಗಾಬರಿಯಾಗಬೇಡ. ಹೋದ ವರ್ಷ ನಾನು ಉದ್ದುದ್ದ ಮಾತಾಡಿದಾಗ ಏನೇನಾಯಿತು ಎಂಬುದು ನಿನ್ನ ಕಿವಿಗೂ ಬಿದ್ದಿದೆ. ಇದು ಹಾಗಲ್ಲ. ನಿನ್ನೆ ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ಬೆಳಗಾದ ಮೇಲೆ ಎದ್ದವನು ಬರೆಯುತ್ತಿದ್ದೇನೆ. ಪೂನಂ ಎದುರಿಗೇ ಕೂತು ಬೇಳೆ ಆರಿಸುತ್ತಿದ್ದಾಳೆ. ನಾನು ಮತ್ತೊಂದು ಹಾಳೆಗೆ ಕೈ ಹಾಕಿದಾಗ ಕಣ್ಣೆತ್ತಿ ನೋಡಿದಳು. “ಅಕ್ಕನಿಗೆ” ಎಂದೆ. “ಹಂಗಾದ್ರ ಇನ್ನೂ ನಾಕ ಹಾಳಿ ತಗೋರಿ” ಎಂದು ನಕ್ಕಳು.

ಫೋನಿರುವಾಗ ಪತ್ರ ಯಾಕೆ ಎಂದು ಕೇಳುತ್ತೀ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟು ರೊಟ್ಟಿ ಬಡಿಯುತ್ತೀ. ನಾನು ಹೇಳಿದ್ದು ನಿನಗೆ ಅರ್ಧ ಕೇಳುತ್ತದೆ, ನಿಮ್ಮ ಓಣಿಗೆ ಪೂರ್ತಿ ಕೇಳುತ್ತದೆ. ಅದೂ ಅಲ್ಲದೆ ನಾನು ಮಾತ್ರೆ ಎಂದರೆ ಸಾಕು, ನೀನು “ಇನ್ನಾ ನುಂಗಾಕತ್ತೀಯೇನೋ? ಆರಾಮ ಆದ ಮ್ಯಾಲ ಬಿಟ್ಟ ಒಗಿ” ಎಂದು ಶುರುಮಾಡುತ್ತೀ. ಹೋದ ವಾರವೂ ಅದೇ ಮಾತು. ಪತ್ರವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಯಾಕೆ ಬಿಟ್ಟಿಲ್ಲ, ಯಾಕೆ ಬಿಡುವುದಿಲ್ಲ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ, ಕೇಳು.

ಎರಡು ವರ್ಷದ ಹಿಂದಿನ ಪಂಚಮಿ ನಿನಗೆ ಮರೆತಿರಲಿಕ್ಕಿಲ್ಲ. ಹೇಳದೆ ಕೇಳದೆ ಸೋಲಾಪುರಕ್ಕೆ ಬಂದಿಳಿದೆ. ನಿನಗೊಂದು ಸೀರೆ, ನಿಮ್ಮ ಓಣಿಯ ಹೆಂಗಸರಿಗೆಲ್ಲ ಒಂದೊಂದು ಸೀರೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿ, ಭಾವನವರನ್ನೂ ಬಿಡದೆ ಕೂರಿಸಿ ತೂಗಿದೆ. ಕಂಡವರ ಗೋಡೆಯ ಮೇಲೆಲ್ಲ ನಾಗಪ್ಪನ ಚಿತ್ರ ಬರೆದುಕೊಟ್ಟೆ. “ತಮ್ಮ ಅಂದ್ರ ಹಿಂಗಿರಬೇಕು” ಎಂದು ನೀನು ಈಗಲೂ ಎಲ್ಲರಿಗೂ ಹೇಳುತ್ತೀಯಂತೆ. ಆ ದಿನಗಳಲ್ಲಿ ನಾನು ನಿದ್ದೆಯನ್ನೇ ಮಾಡಿರಲಿಲ್ಲ ಅಕ್ಕಾ. ದಣಿವೂ ಇರಲಿಲ್ಲ. ಜಗತ್ತಿನಲ್ಲಿ ನನ್ನಷ್ಟು ಗಟ್ಟಿ ಮನುಷ್ಯ ಇನ್ನೊಬ್ಬನಿಲ್ಲ ಎನಿಸಿತ್ತು.

ಅದೇ ವರ್ಷ ದೀಪಾವಳಿ ಮುಗಿದ ಮೇಲೆ ನಾನು ಕವುಚಿ ಬಿದ್ದೆ. ಲಾರಿ ಕೆಲಸಕ್ಕೆಂದು ಆಟೋನಗರದ ಕಡೆ ತಲೆ ಹಾಕಲಿಲ್ಲ. ಹುಡುಗನಾಗಿದ್ದಾಗಿನಿಂದ ಲಾರಿಗಳ ಮೇಲೆ ಹೆಸರು, ಹೂವು, ನವಿಲು ಬರೆದವನು ನಾನು. ಆದರೆ ಆಗ ಕೆಂಪು ಡಬ್ಬಿ ಯಾವುದು, ಹಸಿರು ಡಬ್ಬಿ ಯಾವುದು ಎಂದು ನೋಡುವ ಮನಸ್ಸೂ ಉಳಿಯಲಿಲ್ಲ. ಸ್ನಾನ ಮಾಡುವುದೆಂದರೆ ಬೆಟ್ಟ ಹತ್ತಿದಷ್ಟು ಕಷ್ಟ. ಯಾಕೆ ಬದುಕಬೇಕು ಎಂಬ ಮಾತು ಒಮ್ಮೆ ಬಾಯಿಂದಲೂ ಬಂದುಬಿಟ್ಟಿತು. ಆವತ್ತಿನಿಂದ ಪೂನಂ ನನ್ನನ್ನು ಒಬ್ಬನೇ ಬಿಡಲಿಲ್ಲ. ಮಾಟವಾಗಿದೆ ಎಂದರು, ದಾರ ಕಟ್ಟಿದರು. ಕೊನೆಗೆ ಊರಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಪ್ರೀತಿಯಿಂದಲೇ ಕೇಳಿದರು, ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟರು. ಅವರದು ತಪ್ಪಿಲ್ಲ. ನಾವು ಹೇಳಿದ್ದು ಮಲಗಿದ ಕಥೆಯನ್ನಷ್ಟೇ. ಪಂಚಮಿಯ ಕಥೆಯನ್ನು ಹೇಳಬೇಕೆಂದು ನಮಗಾದರೂ ಏನು ಗೊತ್ತು?

ಮಾತ್ರೆಯಿಂದ ನಾನು ಎದ್ದು ಕೂತೆ. ಪೂನಂ ಓಣಿಗೆಲ್ಲ ಪೇಢಾ ಹಂಚಿದಳು. ಆದರೆ ನಾನು ಎದ್ದವನು ಅಲ್ಲಿಗೇ ನಿಲ್ಲಲಿಲ್ಲ, ಏರುತ್ತಲೇ ಹೋದೆ. ನಮ್ಮ ಜಹೀರುದ್ದೀನ್ ಮಿಸ್ತ್ರಿಯ ಲಾರಿ ಬಾಡಿ ಕಟ್ಟುವ ಶೆಡ್ಡಿಗೆ ಆಗ ಅಬ್ದುಲ್ ಕರೀಂ ತನ್ನ ಹೊಸ ಲಾರಿ ತಂದು ನಿಲ್ಲಿಸಿದ್ದ. ಅವನು ಕೇಳಿದ್ದು ಮುಂದೆ ತನ್ನ ಹೆಸರು, ಹಿಂದೆ ಮಕ್ಕಳ ಹೆಸರು, ಅಷ್ಟೇ. ನಾನು ಊಟ ನಿದ್ದೆ ಬಿಟ್ಟು ಒಂದು ಕಡೆ ಕಲ್ಯಾಣದ ಕೋಟೆ ಬರೆದೆ, ಇನ್ನೊಂದು ಕಡೆ ಕೆರೆ, ಕೆರೆಯ ತುಂಬ ಕೊಕ್ಕರೆ. ಗಾಲಿಗಳಿಗೆ ಸೂರ್ಯಕಾಂತಿ. ಡ್ರೈವರನ ತಲೆಯ ಮೇಲೆ ನಕ್ಷತ್ರ. ಟೂಲ್ ಬಾಕ್ಸಿನ ಒಳಗೊಂದು ಹುಲಿ. ಟೂಲ್ ಬಾಕ್ಸಿನ ಒಳಗಿನ ಹುಲಿಯನ್ನು ಯಾರು ನೋಡಬೇಕು ಹೇಳು? ಜನ ಮುಗಿಬಿದ್ದು ಹೊಗಳಿದರು. ಹೊಗಳಿದವರು ಸಂಜೆಗೆ ತಮ್ಮ ಮನೆಗೆ ಹೋದರು, ನಾನು ನನ್ನ ಮನೆಗೆ ಬಂದೆ. ಮನೆಯಲ್ಲಿ ಪೂನಂ “ಸ್ವಲ್ಪ ಮಲಕೋರಿ” ಎಂದದ್ದಕ್ಕೆ ಊಟದ ತಾಟು ಎತ್ತಿ ಗೋಡೆಗೆ ಬೀಸಿದೆ. ಹೆದ್ದಾರಿಯ ನಡುವೆ ನಿಂತು ಲಾರಿಗಳಿಗೆ ದಾರಿ ತೋರಿಸಲು ಹೋದೆ. ಜಹೀರುದ್ದೀನ್ ರಟ್ಟೆ ಹಿಡಿದು ಎಳೆಯದಿದ್ದರೆ ಈ ಪತ್ರ ಬರೆಯುವವನು ಇರುತ್ತಿರಲಿಲ್ಲ.

ಹುಮನಾಬಾದಿನ ದವಾಖಾನೆಗೆ ಮಂಗಳವಾರ ಮನೋವೈದ್ಯರೊಬ್ಬರು ಬರುತ್ತಾರೆಂದು ಪೂನಂಗೆ ಯಾರೋ ಹೇಳಿದ್ದರು. ನನ್ನನ್ನು ಒಯ್ಯುವುದು ಹೇಗೆ? ನಾನಂತೂ ಬೇನೆ ಇದೆ ಎಂದು ಒಪ್ಪುವ ಸ್ಥಿತಿಯಲ್ಲೇ ಇರಲಿಲ್ಲ. ಆದರೆ ಅವರಿಗೆ ಉಪಾಯ ಹುಡುಕುವ ಕಷ್ಟವನ್ನೂ ನಾನು ಕೊಡಲಿಲ್ಲ. ದವಾಖಾನೆ ಎಂಬ ಮಾತು ಕಿವಿಗೆ ಬಿದ್ದದ್ದೇ, ಅಲ್ಲಿನ ಬಿಳಿ ಗೋಡೆಗಳಿಗೆಲ್ಲ ನವಿಲು ಬರೆದುಕೊಡುತ್ತೇನೆ ಎಂದು ನಾನೇ ಬ್ರಷ್ ತೆಗೆದುಕೊಂಡು ಜಹೀರುದ್ದೀನನ ಬೈಕ್ ಹತ್ತಿದೆ! ಪೂನಂ ಹಿಂದೆಯೇ ಬಸ್ಸಿನಲ್ಲಿ ಬಂದಳು. ಊರಿನವರ ಕಣ್ಣು ತಪ್ಪಿಸಿದೆವು ಎಂದು ಅವಳು ನಿಟ್ಟುಸಿರು ಬಿಡುತ್ತಿರುವಾಗ ಸಾಲಿನಲ್ಲಿ ಮುಂದೆಯೇ ನಮ್ಮ ಪಕ್ಕದ ಮನೆಯ ಸಖುಬಾಯಿ ಕೂತಿದ್ದಳು. ಅವಳೂ ಊರಿನವರ ಕಣ್ಣು ತಪ್ಪಿಸಿಯೇ ಬಂದಿದ್ದಳಂತೆ. ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಇಬ್ಬರಿಗೂ ನಗು ಬಂತು.

ಡಾಕ್ಟರು ನನ್ನ ನವಿಲಿನ ಭಾಷಣವನ್ನು ಪೂರ್ತಿ ಕೇಳಿದರು. ಮಲಗಿದ ದಿನಗಳ ಬಗ್ಗೆ ಕೇಳಿದರು. ಆಮೇಲೆ ಪೂನಂ ಕಡೆ ತಿರುಗಿ, “ಇದಕ್ಕಿಂತ ಮೊದಲ ಯಾವಾಗರೆ ಹಿಂಗ ಆಗಿತ್ತೇನ್ರಿ? ನಿದ್ದಿ ಇಲ್ಲದಿದ್ದರೂ ದಣಿವಿಲ್ಲ, ಭಾಳ ಖುಷಿ, ಭಾಳ ಮಾತು, ಕೈ ಬಿಚ್ಚಿ ಖರ್ಚು?” ಎಂದರು. “ಆಗಿತ್ರಿ ಸರ್. ಆದ್ರ ಅವಾಗ ನಮಗೆಲ್ಲಾ ಭಾಳ ಚಲೋ ಅನಿಸಿತ್ತು. ಖುಷಿ ಅದ ಅಂತ ಯಾರರೆ ದವಾಖಾನಿಗಿ ಬರ್ತಾರೇನ್ರಿ?” ಎಂದು ಪೂನಂ ಅತ್ತುಬಿಟ್ಟಳು. ಡಾಕ್ಟರು ಪೆನ್ನು ಕೆಳಗಿಟ್ಟು, “ಇಷ್ಟ ಗೊತ್ತಾಗಬೇಕಿತ್ತವ್ವಾ ನನಗ” ಎಂದರು.

ಇದಕ್ಕೆ ಬೈಪೋಲಾರ್ ಎನ್ನುತ್ತಾರೆ. ಮನಸ್ಸು ಒಮ್ಮೆ ಪಾತಾಳಕ್ಕಿಳಿಯುತ್ತದೆ, ಒಮ್ಮೆ ಹಿಡಿತ ತಪ್ಪಿ ಮೇಲೇರುತ್ತದೆ, ನಡುವೆ ಸುಮ್ಮನೆ ಇರುತ್ತದೆ. ಇಳಿದದ್ದಕ್ಕೆ ಮಾತ್ರ ಔಷಧಿ ಕೊಟ್ಟರೆ ನನ್ನಂಥವರಲ್ಲಿ ಕೆಲವರು ಹೀಗೆ ಮೇಲೆ ಹಾರಿಬಿಡುತ್ತಾರಂತೆ. ಆ ಮಾತ್ರೆ ನಿಲ್ಲಿಸಿ, ಬೀದರಿನಲ್ಲಿ ಕೆಲವು ದಿನ ದಾಖಲು ಮಾಡಿಸಿ, ಲಿಥಿಯಂ ಎಂಬ ಬೇರೆ ಮಾತ್ರೆ ಶುರುಮಾಡಿದರು. ಅದಕ್ಕೆ ಆಗಾಗ ರಕ್ತಪರೀಕ್ಷೆ ಬೇಕು, ನೀರು ಚೆನ್ನಾಗಿ ಕುಡಿಯಬೇಕು, ನಿದ್ದೆಯ ಹೊತ್ತು ತಪ್ಪಿಸಬಾರದು.

ಮನೆಗೆ ಬಂದ ಮೇಲೆ ನಿಜವಾಗಿ ಹೆದರಿದ್ದು ನಾನು. ಬ್ರಷ್ ಹಿಡಿದರೆ ಕೈ ನಡುಗುತ್ತಿತ್ತು. ನೆಟ್ಟಗೆ ಒಂದು ಗೆರೆ ಎಳೆದರೆ ಅದು ಸಂಡಿಗೆ ಒತ್ತಿದ ಹಾಗೆ ಬರುತ್ತಿತ್ತು. ರೋಗ ಹೋಗಿ ಕೈಯೂ ಹೋಯಿತು ಎಂದುಕೊಂಡು, ಮಾತ್ರೆ ಬಿಡುತ್ತೇನೆ ಎಂದೆ. ಪೂನಂ ಬೈಯಲಿಲ್ಲ. “ಬಿಡೂದ ಇದ್ರ ಡಾಕ್ಟರಿಗಿ ಹೇಳಿ ಬಿಡ್ರಿ, ನಡೀರಿ” ಎಂದು ಮತ್ತೆ ಹುಮನಾಬಾದಿಗೆ ಕರೆದುಕೊಂಡು ಹೋದಳು. ಡಾಕ್ಟರು ರಕ್ತ ನೋಡಿ ಪ್ರಮಾಣ ಇಳಿಸಿದರು. ನಡುಕ ಕಡಿಮೆಯಾಯಿತು. ಮೊದಲ ದಿನ ಶೆಡ್ಡಿಗೆ ಹೋಗಿ ಒಂದು ಕಮಲ ಬರೆದು, ಅದರ ದಳಗಳನ್ನು ಎಷ್ಟೋ ಹೊತ್ತು ನೋಡುತ್ತಾ ನಿಂತೆ. ಜಹೀರುದ್ದೀನ್ ಹತ್ತಿರ ಬಂದು, “ಇಂಜನ್ ಏನೂ ಖರಾಬ್ ಆಗಿಲ್ಲೋ ಗುರು, ಸ್ಪೀಡ್ ಮಿತಿ ಮೀರದಂಗ ಗವರ್ನರ್ ಹಾಕ್ಯಾರ ಅಷ್ಟ” ಎಂದು ಬೆನ್ನಿಗೊಂದು ಗುದ್ದಿದ.

ಈಗ ಗಿರಾಕಿ ಎರಡು ಗಿಳಿ ಕೇಳಿದರೆ ಎರಡೇ ಗಿಳಿ ಬರೆಯುತ್ತೇನೆ. ಕರೀಂ ಭಾಯಿಗೆ, “ಆ ಲಾರಿ ಕೊಡು, ಸಾದಾ ಮಾಡಿಕೊಡುತ್ತೇನೆ” ಎಂದೆ. ಅವನು ಸುತಾರಾಂ ಒಪ್ಪಲಿಲ್ಲ. ಜಹೀರಾಬಾದಿನಲ್ಲಿ ಪೊಲೀಸರೂ ನಿಲ್ಲಿಸಿ ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರಂತೆ. ಈ ಪತ್ರ ತಂದುಕೊಡುವವನೂ ಅವನೇ, ಲಾರಿಯೂ ಅದೇ. ಹೊರಗೆ ಬಂದು ನೋಡು. ಚಂದವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕೊಕ್ಕರೆಗಳನ್ನು ಬರೆಯುವಾಗ ಪೂನಂ ಸಖುಬಾಯಿಯ ಮನೆಯಲ್ಲಿ ಹೆದರಿ ಕೂತಿದ್ದಳು ಎಂಬುದು ನನಗೆ ಗೊತ್ತು. ಆ ಪಂಚಮಿಯೂ ಹಾಗೇ ಅಕ್ಕಾ. ಓಣಿಗೆಲ್ಲ ಸೀರೆ ತಂದದ್ದು ಬೇನೆ. ನಿನ್ನನ್ನು ನೋಡಬೇಕೆನಿಸಿದ್ದು ಬೇನೆಯಲ್ಲ. ಈ ಸಲವೂ ಪಂಚಮಿಗೆ ಬರುತ್ತೇನೆ, ಒಂದೇ ಸೀರೆ ತರುತ್ತೇನೆ, ಉಂಡು ಮಲಗುತ್ತೇನೆ. ನಾನು ಅತಿಯಾಗಿ ಖುಷಿಯಾಗಿರುವಂತೆ ಕಂಡರೆ ಸಂತೋಷಪಡಬೇಡ, ಪೂನಂಗೆ ಹೇಳು.

ಭಾವನವರಿಗೆ ನಮ್ಮಿಬ್ಬರ ಶರಣಾರ್ಥಿ. ಪೂನಂ ನಿನಗೆಂದು ಒಂದು ಡಬ್ಬಿ ಕರದಂಟು ಕಳಿಸಿದ್ದಾಳೆ. ಬಿಪಿ ಮಾತ್ರೆ ನುಂಗಿದ ದಿನ ಮಾತ್ರ ತಿನ್ನಬೇಕಂತೆ.

ನಿನ್ನ ತಮ್ಮ,
ಗುರುಲಿಂಗ

ತಾ.ಕ.: ಕರೀಂ ಭಾಯಿ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೋದ ವಾರ ನೀನು ಅಂಗಡಿಗೆ ಹೋದಾಗ ನಿನ್ನ ಮಗಳು ರೂಪಾಲಿ ನನ್ನೊಡನೆ ಫೋನಿನಲ್ಲಿ ಮಾತಾಡಿದಳು. ಹುಡುಗಿ ಕಾಲೇಜು ಬಿಟ್ಟು ಕೋಣೆಯಲ್ಲೇ ಇದ್ದಾಳೆಂದು ನೀನು ಹೇಳಿರಲಿಲ್ಲ. “ಮಾಮಾ, ನನಗ ಏನೂ ಬ್ಯಾಡಾಗ್ಯಾದ, ಅವ್ವ ನಖರಾ ಅಂತಾಳ” ಎಂದಳು. ಆ ದನಿ ನನಗೆ ಗೊತ್ತು ಅಕ್ಕಾ. ತಲೆಯ ಮೇಲೆ ನಾಲ್ಕು ಅಕ್ಕಿಕಾಳು ಬಿದ್ದರೆ ಸರಿಹೋಗುತ್ತಾಳೆ ಎಂದು ಶ್ರಾವಣದಲ್ಲೇ ಮದುವೆ ಮಾತು ಮುಗಿಸಬೇಡ. ಅವಳದೂ ನನ್ನದೇ ಬೇನೆ ಎಂದು ನಾನು ಹೇಳುತ್ತಿಲ್ಲ, ಅದನ್ನು ಡಾಕ್ಟರು ಹೇಳಲಿ. ಸೋಲಾಪುರದಲ್ಲೂ ಒಳ್ಳೆಯ ಡಾಕ್ಟರುಗಳಿದ್ದಾರೆ, ಅಲ್ಲೇ ತೋರಿಸಿದರೂ ಸರಿ. ಜನ ನೋಡುತ್ತಾರೆಂಬ ಭಯವಿದ್ದರೆ ಹುಮನಾಬಾದಿಗೆ ಕರೆದುಕೊಂಡು ಬಾ, ಬಸ್‌ಸ್ಟ್ಯಾಂಡಿನಲ್ಲಿ ನಾನು ಮತ್ತು ಪೂನಂ ನಿಂತಿರುತ್ತೇವೆ. ಎಲ್ಲಿ ತೋರಿಸಿದರೂ “ನನ್ನ ತಮ್ಮನಿಗೆ ಬೈಪೋಲಾರ್ ಇದೆ” ಎಂದು ಡಾಕ್ಟರಿಗೆ ಮುಚ್ಚಿಡದೆ ಹೇಳು. ಇದು ರಕ್ತಸಂಬಂಧದಲ್ಲಿ ಬರಬಹುದು, ಗೊತ್ತಿದ್ದರೆ ಸರಿಯಾದ ಮಾತ್ರೆ ಕೊಡುತ್ತಾರೆ. ಮದುವೆ ಸಂಬಂಧ ತಪ್ಪುತ್ತದೆ ಎಂದು ನನ್ನನ್ನು ಮುಚ್ಚಿಡಬೇಡ. ತೋರಿಸೋಣವೇ ಎಂದು ನಾನು ಅವಳನ್ನು ಕೇಳಿದೆ. “ಅವ್ವ ಹೂಂ ಅಂದ್ರ ಬರ್ತೀನಿ ಮಾಮಾ” ಎಂದಳು. ಅಕ್ಕಾ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಅವಳ ಕೋಣೆಗೆ ಹೋಗು. ಹೋಗಿ ಪಕ್ಕದಲ್ಲಿ ಕೂತು ಹೂಂ ಅನ್ನು.